ಕಟ್ಟೆಯ ಮೇಲೆ ಓದಿದ ಕಾಗದ

ನಾನು ಓದಿದ್ದು ಗಾಳಿ, ಕೊಡ, ಬೆರಳು ಎಂದು ಶುರುವಾಗುವ ಪಟ್ಟಿ. ಎದುರಿಗೆ ಕೂತಿದ್ದ ಅಜ್ಜ ಕಣ್ಣು ಮುಚ್ಚಿ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಹೇಳಿದ: "ಬಾಗಿಲು, ಎಣ್ಣೆ, ಕಿವಿ, ನೇಗಿಲು, ಹಾವು, ಕಂಬಳಿ, ಮಳೆ, ಸೂಜಿ, ರೊಟ್ಟಿ, ಕೆರೆ."

ಹತ್ತಕ್ಕೆ ಹತ್ತು. ಆದರೆ ಅದು ಎರಡು ವರ್ಷದ ಹಿಂದೆ ನಾನು ಇದೇ ಹಟ್ಟಿಯಲ್ಲಿ ಓದಿದ್ದ ಪಟ್ಟಿ.

ನಮ್ಮ ಕೆಲಸ ಹೀಗೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ಹಟ್ಟಿ, ತಾಂಡಾಗಳಲ್ಲಿರುವ ಬುಡಕಟ್ಟು ಹಿರಿಯರನ್ನು ಎರಡೆರಡು ವರ್ಷಕ್ಕೊಮ್ಮೆ ಕಂಡು ಅವರ ನೆನಪಿನ ಶಕ್ತಿ ಹೇಗೆ ಬದಲಾಗುತ್ತಿದೆ ಎಂದು ಬರೆದುಕೊಳ್ಳಬೇಕು. ಹತ್ತು ಪದ ಮೂರು ಸಲ ಓದಿ ಹೇಳುವುದು, ಪ್ರತಿ ಸಲವೂ ಕೂಡಲೇ ಕೇಳುವುದು, ಬೇರೆ ಪ್ರಶ್ನೆಗಳಲ್ಲಿ ಇಪ್ಪತ್ತು ನಿಮಿಷ ಕಳೆದು ಮತ್ತೆ ಕೇಳುವುದು. ಗಟ್ಟಿ ನೆನಪಿನವರೂ ಆರೋ ಏಳೋ ಹೇಳುತ್ತಾರೆ, ಅದೂ ಹಿಂದುಮುಂದಾಗಿ. ಕೊನೆಯವು ಮೊದಲು ಬರುತ್ತವೆ, ಮೊದಲಿನವು ಆಮೇಲೆ, ನಡುವಿನವು ಸೋರಿ ಹೋಗುತ್ತವೆ. ಕಂಠಪಾಠ ತಡೆಯಲೆಂದೇ ಪ್ರತಿ ಸುತ್ತಿಗೂ ಪಟ್ಟಿ ಬದಲಾಗುತ್ತದೆ. ಈ ಸಲದ್ದು ಎರಡನೇ ಸುತ್ತು.

ಬಿಳಿಚೋಡಿನ ಕಡೆಯ ಆ ಹಟ್ಟಿ ದನ ಸಾಕುವ ಮ್ಯಾಸ ನಾಯಕರದು. ಮೊದಲ ಸುತ್ತಿನಲ್ಲಿ ಹದಿನಾಲ್ಕು ಹಿರಿಯರ ಹೆಸರು ಬರೆದುಕೊಂಡಿದ್ದೆ. ಈಗ ಹನ್ನೊಂದು ಜನ ಸಿಕ್ಕರು. ಉಳಿದ ಮೂವರು "ಊರು ಬಿಟ್ಟು ಹೋಗ್ಯಾರೆ" ಎಂದು ನಮ್ಮ ಸ್ಥಳೀಯ ಸಹಾಯಕಿ ಹೇಳಿದಳು. ಆ ಹಟ್ಟಿಗೇ ಸೊಸೆಯಾಗಿ ಬಂದವಳು, ಹತ್ತನೇ ತರಗತಿ ಓದಿದವಳು. ನನ್ನನ್ನು ಮನೆಮನೆಗೆ ಕರೆದೊಯ್ದು, ಅಜ್ಜ ಅಜ್ಜಿಯರನ್ನು ಕೂರಿಸಿ, ನೀರು ಕೊಟ್ಟು, ಹೆದರಬೇಡಿ ಎಂದು ಹೇಳುವುದು ಅವಳ ಕೆಲಸ.

ಆ ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ಹಳೆಯ ಪಟ್ಟಿಯನ್ನೇ ಒಪ್ಪಿಸಿದರು, ಅದೇ ಕ್ರಮದಲ್ಲಿ. ಒಬ್ಬಜ್ಜಿ ನಾನು ಹೊಸ ಪದಗಳನ್ನು ಓದಿ ಮುಗಿಸುವವರೆಗೂ ತಾಳ್ಮೆಯಿಂದ ಕಾದು, "ಮುಗೀತಾ ನಿಂದು? ಈಗ ನಂದು ಕೇಳು" ಎಂದು ಶುರು ಮಾಡಿದಳು. ನಗು ಬಂತು, ಆದರೆ ನಗಲಿಲ್ಲ. ಪಕ್ಕದಲ್ಲಿ ಸಹಾಯಕಿ ನೆಲ ನೋಡುತ್ತ ನಿಂತಿದ್ದಳು.

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ತರಕಾರಿಯವನು ತಕ್ಕಡಿ ಎತ್ತಿದರೆ ಅವನ ಕಿರುಬೆರಳು ನೋಡುವವಳು ನಾನು. ಈ ಕೆಲಸಕ್ಕೆ ಅಂಥ ಬುದ್ಧಿಯೇ ಬೇಕು ಎಂದು ನಮ್ಮ ಯೋಜನೆಯ ಹಿರಿಯ ಡಾಕ್ಟರು ಒಮ್ಮೆ ಹೊಗಳಿದ್ದರು, ಅದನ್ನು ನಾನು ಪದಕದಂತೆ ಇಟ್ಟುಕೊಂಡಿದ್ದೆ. ಹೊನ್ನಾಳಿಗೆ ವಾಪಸಾಗುವಾಗ ಜಗಳೂರು ಬಸ್ಸಿನಲ್ಲಿ, ಆಮೇಲೆ ದಾವಣಗೆರೆಯಿಂದ ಹೊರಟ ಬಸ್ಸಿನಲ್ಲಿ, ಒಂದೇ ಲೆಕ್ಕ ಹಾಕುತ್ತಿದ್ದೆ. ಪಟ್ಟಿಯ ಪ್ರತಿಗಳು ಕಚೇರಿಯ ಬೀರುವಿನಲ್ಲಿ ಬೀಗದೊಳಗೆ ಇವೆ. ಟ್ಯಾಬ್ ತೆರೆಯಲು ನನ್ನ ಗುಪ್ತಸಂಖ್ಯೆ ಬೇಕು. ಮೊದಲ ಸುತ್ತಿನ ಹದಿನಾಲ್ಕೂ ಸಂದರ್ಶನಗಳಲ್ಲಿ, ಒಂದೊಂದರಲ್ಲೂ ಮೂರು ಮೂರು ಸಲ, ಆ ಪಟ್ಟಿಯನ್ನು ಕೇಳಿದ ಮೂರನೆಯ ವ್ಯಕ್ತಿ ಒಬ್ಬಳೇ.

ಮನೆಯಲ್ಲಿ ಕೂತು ಈ ಸುತ್ತಿನ ಧ್ವನಿಮುದ್ರಣಗಳನ್ನು ಒಂದೊಂದಾಗಿ ಕೇಳಿದೆ. ಒಪ್ಪಿಗೆ ಪತ್ರ ಓದುವ ಭಾಗವನ್ನು ನಾವು ಯಾರೂ ಸಾಮಾನ್ಯವಾಗಿ ಕೇಳುವುದಿಲ್ಲ. ಅಲ್ಲಿತ್ತು ಗುಟ್ಟು. ನಾನು ಟ್ಯಾಬ್ ಸರಿಪಡಿಸಿಕೊಳ್ಳುತ್ತಿದ್ದಾಗ ಸಹಾಯಕಿ ಮೆಲ್ಲಗೆ, "ಹೆದರಬ್ಯಾಡ ಅಜ್ಜಾ, ಅದನ್ನೇ ಕೇಳ್ತಾರೆ" ಎಂದಿದ್ದಳು. ಐದು ಮುದ್ರಣಗಳಲ್ಲಿ ಅದೇ ಮಾತು.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೈಯುವವರಲ್ಲ, ಅವರ ತಣ್ಣನೆಯ ಮಾತೇ ಬೈಗುಳ. "ಆ ಹಟ್ಟಿಯ ಮಾಹಿತಿ ಪೂರಾ ಹೋಯಿತು. ಸಹಾಯಕಿಯನ್ನು ಕೆಲಸದಿಂದ ಬಿಡಿಸಿ. ಹಟ್ಟಿಯನ್ನೇ ಅಧ್ಯಯನದಿಂದ ಕೈಬಿಡೋಣ. ಅಲ್ಲಿ ಮೂರು ಜನ ಆಗಲೇ ಇಲ್ಲ ಅಂತೀರಿ, ಉಳಿದವರೂ ನಂಬಿಕೆಗೆ ಅರ್ಹರಲ್ಲ" ಎಂದರು. ಕೈಬಿಟ್ಟರೆ ನಮ್ಮ ಅಧ್ಯಯನದ ಜೊತೆ ಬರುವ ನರರೋಗ ತಜ್ಞರ ತಪಾಸಣೆಯೂ ಆ ಹಟ್ಟಿಗೆ ನಿಂತುಹೋಗುತ್ತದೆ. ಅದು ನನಗೆ ಗೊತ್ತಿತ್ತು. ಆ ಕ್ಷಣದಲ್ಲಿ ಅದು ನನಗೆ ಮುಖ್ಯ ಅನಿಸಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಳ್ಳಿಯನ್ನು ಹಿಡಿದೆ ಎಂಬ ಹೆಮ್ಮೆಯೇ ದೊಡ್ಡದಾಗಿತ್ತು.

ಸಹಾಯಕಿಯನ್ನು ಬಿಡಿಸುವ ಪತ್ರ ಚೀಲದಲ್ಲಿಟ್ಟುಕೊಂಡು, ಮುಂಚೆ ಹೇಳದೆ, ಒಂದು ಬೆಳಿಗ್ಗೆ ಹಟ್ಟಿಗೆ ಹೋದೆ. ಬಿಳಿಚೋಡಿನಲ್ಲಿ ಆಟೋ ಹತ್ತುವಾಗ ಅವಳ ಹೆಸರನ್ನೂ ಎತ್ತಲಿಲ್ಲ. ಹಟ್ಟಿಯ ಹೊರಗೇ ಇಳಿದು ನಡೆದೆ.

ಸಹಾಯಕಿಯ ಮನೆಯ ಹಿಂದಿನ ಬೇವಿನ ಮರದ ಕೆಳಗೆ ಏಳೆಂಟು ಹಿರಿಯರು ಸುತ್ತ ಕೂತು ಶೇಂಗಾ ಸುಲಿಯುತ್ತಿದ್ದರು. ಒಂದು ಹೆಂಗಸು "ಬಾಗಿಲು" ಎನ್ನುತ್ತಿದ್ದಳು, ಉಳಿದವರು "ಬಾಗಿಲು" ಎನ್ನುತ್ತಿದ್ದರು. "ಎಣ್ಣೆ." "ಎಣ್ಣೆ." ಸಿಪ್ಪೆ ಮುರಿಯುವ ಸದ್ದು ತಾಳ ಹಾಕುತ್ತಿತ್ತು. "ಏ ಮುದುಕಾ, ಕಿವಿ ಆದಮ್ಯಾಲೆ ಏನು?" "ಕಿವಿ ಆದಮ್ಯಾಲೆ ನಿನ್ನ ಬೋಳು ಮೂಗು." ಎಲ್ಲರೂ ನಕ್ಕರು. ಪಾಠ ಹೇಳಿಕೊಡುತ್ತಿದ್ದವಳು ಮಾತ್ರ ನಗಲಿಲ್ಲ. "ನಗಬ್ಯಾಡ್ರಿ. ಅವ್ರು ಮತ್ತೆ ಬರ್ತಾರೆ. ಮರೆತ್ರೆ ನಮ್ಮ ಮನೆಯಾಗೆ ಆಗಿದ್ದು ನಿಮ್ಮ ಮನೆಯಾಗೂ ಆಗ್ತೈತೆ" ಎಂದಳು.

ಅವಳು ಸಹಾಯಕಿಯಲ್ಲ. ಊರು ಬಿಟ್ಟು ಹೋಗಿದ್ದಾರೆ ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡ ಮನೆಯವಳು, ಕಿಲಾರಿಯ ಹೆಂಡತಿ.

ಕಿಲಾರಿ ಎಂದರೆ ದೇವರ ದನಗಳನ್ನು ನೋಡಿಕೊಳ್ಳುವವನು. ಆ ದನಗಳನ್ನು ಮಾರುವಂತಿಲ್ಲ, ಹೂಡುವಂತಿಲ್ಲ, ಅವುಗಳ ಹಾಲು ಮೀಸಲು. ಆ ಕೆಲಸಕ್ಕೆ ಹಟ್ಟಿಯೇ ಒಬ್ಬನನ್ನು ಆರಿಸುತ್ತದೆ. ಅವನು ಬರಿಗಾಲಲ್ಲಿರಬೇಕು, ಕಂಡಕಂಡಲ್ಲಿ ಉಣ್ಣಬಾರದು, ಯಾವ ಹಸು ಯಾವ ತಾಯಿಯದು ಎಂದು ತಲೆಯಲ್ಲಿ ಇಟ್ಟುಕೊಂಡಿರಬೇಕು. ಮೊದಲ ಸುತ್ತಿನಲ್ಲಿ ಈ ಕಿಲಾರಿಯನ್ನು ಕಂಡಿದ್ದೆ. ಎತ್ತರದ, ಮೆದು ಮಾತಿನ ಮನುಷ್ಯ. ಹತ್ತು ಪದಗಳಲ್ಲಿ ಒಂದೇ ಒಂದು ಹೇಳಿದ್ದ. ಆ ಸುತ್ತಿನ ಫಲಿತಾಂಶ ಪತ್ರ ಬಂದಾಗ ಅವನ ಮನೆಯಲ್ಲಿ ಓದು ಬಲ್ಲವರಿರಲಿಲ್ಲ, ನಾನೇ ಓದಿ ಹೇಳಿದ್ದೆ. ಅಷ್ಟೇ ನನಗೆ ನೆನಪಿದ್ದದ್ದು.

ನನ್ನನ್ನು ಕಂಡದ್ದೇ ಮರದಡಿಯ ಸದ್ದು ನಿಂತಿತು. ಸಹಾಯಕಿ ಒಳಗಿಂದ ಬಂದಳು, ನನ್ನ ಚೀಲ ನೋಡಿದಳು. ಅವಳೂ ನನ್ನಂಥವಳೇ, ಬೇಗ ಅರ್ಥ ಮಾಡಿಕೊಳ್ಳುತ್ತಾಳೆ. "ಕೆಲಸ ತೆಗೆಯಾಕೆ ಬಂದೀರಿ. ತೆಗೀರಿ. ಹೌದು, ಆಯಮ್ಮಗೆ ಪದ ಹೇಳಿಕೊಟ್ಟಿದ್ದು ನಾನೇ" ಎಂದಳು.

"ಮೂರು ಜನ ಊರಾಗಿಲ್ಲ ಅಂತ ಬರೆಸಿದ್ದೂ ನೀನೇ."

"ಹೌದ್ರಿ. ಅವ್ರನ್ನ ಕೇಳಿದ್ರೆ ಸಿಕ್ಕಿಬೀಳ್ತಿದ್ರು."

"ಸಿಕ್ಕಿಬೀಳಾಕೆ ಇದೇನು ಪೊಲೀಸ್ ಠಾಣೆನಾ? ನೆನಪು ಕಮ್ಮಿ ಆದ್ರೆ ಅದು ತಪ್ಪಲ್ಲ ಅಂತ ನಾನು ಎಷ್ಟು ಸಲ ಹೇಳಿಲ್ಲ?"

ಕಿಲಾರಿಯ ಹೆಂಡತಿ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ನನ್ನ ಮುಂದೆ ಬಂದು ನಿಂತಳು. "ಹೇಳಿದ್ದಿ. ಆಮ್ಯಾಲೆ ನಮ್ಮವ್ರ ಕಾಗದನ ಎಲ್ಲಿ ಓದಿದಿ? ನೆನಪು ಮಾಡ್ಕ. ನಿನ್ನ ನೆನಪು ಚಂದಾಗೈತಲ್ಲ."

ನೆನಪಾಯಿತು. ಅವತ್ತು ಅವರ ಮನೆಯಲ್ಲಿ ಕತ್ತಲಿತ್ತು. ನನಗೆ ಇನ್ನೂ ನಾಲ್ಕು ಪತ್ರ ಕೊಡುವುದಿತ್ತು. ಹಟ್ಟಿಯ ನಡುವಿನ ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಕೂತಿದ್ದರು, ಕಿಲಾರಿಯೂ ಅಲ್ಲೇ ಕೂತಿದ್ದ. ಬೆಳಕಿದೆ, ಎಲ್ಲರೂ ಇದ್ದಾರೆ, ಮುಚ್ಚುಮರೆ ಇಲ್ಲದಿದ್ದರೆ ಒಳ್ಳೆಯದು ಎಂದುಕೊಂಡು ಅಲ್ಲೇ ನಿಂತು ಓದಿದ್ದೆ. ಗಟ್ಟಿಯಾಗಿ, ಬಿಡಿಸಿ ಬಿಡಿಸಿ. 'ಮರೆವಿನ ಕಾಯಿಲೆಯ ಲಕ್ಷಣಗಳು ಕಂಡುಬಂದಿವೆ, ಜವಾಬ್ದಾರಿಯ ಕೆಲಸಗಳಲ್ಲಿ ಮನೆಯವರ ನೆರವು ಅಗತ್ಯ.' ಯಾರೂ ಏನೂ ಅನ್ನಲಿಲ್ಲ. ಎಷ್ಟು ಶಾಂತವಾಗಿ ಸ್ವೀಕರಿಸಿದರು ಎಂದು ವರದಿಯಲ್ಲಿ ಹೊಗಳಿ ಬರೆದಿದ್ದೆ ಕೂಡ.

"ಮಾರನೇ ದಿನ ದನದ ದೊಡ್ಡಿಗೆ ಬೇರೆಯವ್ರನ್ನ ನೇಮಿಸಿದ್ರು" ಎಂದಳು ಆಕೆ. "ನಮ್ಮವ್ರು ದೊಡ್ಡಿ ಬಾಗಿಲಿಗೆ ಹೋದ್ರು. ಒಳಗೆ ಬಿಡಲಿಲ್ಲ. ಯಾಕೆ ಬಿಡಲ್ಲ ಅಂತ ತಿಳೀಲಿಲ್ಲ ಅವ್ರಿಗೆ. ಈಗಲೂ ತಿಳಿಯಲ್ಲ. ದಿನಾ ಹೊಸದಾಗಿ ಹೋಗ್ತಾರೆ, ದಿನಾ ಹೊಸದಾಗಿ ಹೊರಗೆ ನಿಲ್ತಾರೆ. ಎರಡು ವರ್ಷ ಆತು."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಆದ್ದರಿಂದ ಅವಳ ಮೇಲೆಯೇ ಹೊರಿಸಿದೆ. ನನ್ನನ್ನು ಕರಗಿಸಲು ಕಟ್ಟಿದ ಕತೆ ಇರಬಹುದು, ಸಹಾಯಕಿಯ ಕೆಲಸ ಉಳಿಸಲು ಇಬ್ಬರೂ ಸೇರಿ ಮಾಡಿದ ಆಟ ಇರಬಹುದು ಅನಿಸಿತು. "ತೋರಿಸ್ರಿ" ಎಂದೆ.

ತೋರಿಸಿದಳು. ಹಟ್ಟಿಯಿಂದ ತುಸು ದೂರ, ಮುಳ್ಳುಬೇಲಿಯ ದೊಡ್ಡಿ. ಚಪ್ಪಲಿ ಬಿಟ್ಟು ಬಾ ಎಂದಳು, ಬಿಟ್ಟೆ. ಕಿಲಾರಿ ಬೇಲಿಯ ಹೊರಗೆ ನಡೆಯುತ್ತಿದ್ದ. ಒಂದು ಸುತ್ತು ಬಂದು ಬಾಗಿಲ ಹತ್ತಿರ ನಿಲ್ಲುವನು, ಒಳಗೆ ನೋಡುವನು, ಮತ್ತೆ ಸುತ್ತುವನು. ಬೇಲಿಯ ಪಕ್ಕದಲ್ಲಿ ಅವನ ಕಾಲು ಸವೆಸಿದ ದಾರಿಯೇ ಬಿದ್ದಿತ್ತು. ಆ ದಾರಿ ನೋಡಿದ ಮೇಲೆ ಕಟ್ಟುಕತೆ ಎನ್ನಲು ನನಗೆ ಬಾಯಿ ಬರಲಿಲ್ಲ.

ಆದರೂ ಒಂದು ಆಸೆ ಇತ್ತು. ನನ್ನ ಕಾಗದವೇ ತಪ್ಪಾಗಿದ್ದರೆ? ಪದಗಳ ಪಟ್ಟಿಯಲ್ಲಿ ಸೋತವನು ದನಗಳ ವಿಷಯದಲ್ಲಿ ಗೆಲ್ಲಬಹುದಲ್ಲವೇ? ಹಾಗಾಗಿದ್ದರೆ ಎಲ್ಲ ಸುಲಭ, ಪರೀಕ್ಷೆಯೇ ಸರಿಯಿಲ್ಲ ಎಂದು ಡಾಕ್ಟರಿಗೆ ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಬೇಲಿಯ ಹತ್ತಿರ ನಿಂತಿದ್ದ ಬಿಳಿ ಹಸು ತೋರಿಸಿ, "ಅಜ್ಜಾ, ಇದರ ಹೆಸರೇನು?" ಎಂದು ಕೇಳಿದೆ.

ಅವನು ಹಸುವನ್ನು ನೋಡಿದ. ಅದು ಅವನ ಕಡೆ ಮೂತಿ ಚಾಚಿತು. ಅವನು ಮೆಲ್ಲಗೆ ತಿರುಗಿ ಹೆಂಡತಿಯ ಮುಖ ನೋಡಿದ.

ಅವಳು ಹೇಳಿಕೊಡಲಿಲ್ಲ. "ಗೊತ್ತಿಲ್ಲ ಅವ್ರಿಗೆ. ನಿನ್ನ ಕಾಗದದಾಗೆ ಇದ್ದಿದ್ದು ಸುಳ್ಳಲ್ಲ. ನೀನು ಬರೋ ಒಂದು ವರ್ಷ ಮೊದ್ಲಿಂದ ನಮಗೂ ಗೊತ್ತು, ಇಡೀ ಹಟ್ಟಿಗೂ ಗೊತ್ತು" ಎಂದಳು.

ಆಗಲೇ ನನಗೆ ಹಟ್ಟಿಯ ಯಜಮಾನರನ್ನು ಕಾಣಬೇಕು ಅನಿಸಿದ್ದು. ಅವರು ನನ್ನನ್ನು ಕಂಡರೆ ಎಂದೂ ಮುಖ ಅರಳಿಸಿದವರಲ್ಲ. ಮೊದಲ ಸುತ್ತಿನಲ್ಲಿ ರಕ್ತ ತೆಗೆಯುವಾಗ "ಇದನ್ನ ಎಲ್ಲಿ ಮಾರ್ತೀರಿ?" ಎಂದು ಕೇಳಿದ್ದರು. ಹೆಬ್ಬೆಟ್ಟು ಒತ್ತುವ ಮುಂಚೆ ಕಾಗದದ ಹಿಂದುಗಡೆ ತಿರುಗಿಸಿ ನೋಡಿದ್ದರು. ಈ ಸಲ ಮಜ್ಜಿಗೆ ತರಿಸಿದರು, ತಾವು ಕುಡಿಯಲಿಲ್ಲ.

"ಗೊತ್ತಿದ್ದೂ ಒಂದು ವರ್ಷ ಯಾಕೆ ಸುಮ್ಕಿದ್ರಿ?" ಎಂದೆ.

"ಸುಮ್ಕಿರಲಿಲ್ಲ. ಅವ್ನ ಹಿಂದೆ ಒಬ್ಬನ್ನ ಕಳಿಸ್ತಿದ್ವಿ. ಹಾಲು ಕರೆಯಾಗ ಇನ್ನೊಬ್ಬ ಇರ್ತಿದ್ದ. ಅವ್ನು ಕಿಲಾರಿ, ಕೆಲಸ ನಾವು ಮಾಡ್ತಿದ್ವಿ. ದೇವರ ದನಕ್ಕೂ ತೊಂದ್ರೆ ಇರಲಿಲ್ಲ, ಅವ್ನಿಗೂ ಇರಲಿಲ್ಲ."

"ಮತ್ತೆ ನಾನು ಓದಿದ್ದಕ್ಕೆ ಏನಾತು? ಗೊತ್ತಿದ್ದನ್ನೇ ತಾನೆ ಓದಿದ್ದು?"

ಯಜಮಾನರು ನನ್ನನ್ನು ದಡ್ಡ ಮಗುವನ್ನು ನೋಡುವಂತೆ ನೋಡಿದರು. "ಮನೆಯಾಗೆ ಆಡಿದ್ದು ಮನೆಯಾಗೆ ಇರ್ತೈತೆ. ಕಟ್ಟೆ ಮ್ಯಾಲೆ ಆಡಿದ್ರೆ ಅದು ಹಟ್ಟಿ ಮಾತು. ಕಿಲಾರಿಗೆ ನೆನಪಿಲ್ಲ ಅಂತ ಕಟ್ಟೆ ಮ್ಯಾಲೆ ಬಂದ ಮ್ಯಾಲೆ ಅವ್ನ ಕೈಯಾಗೆ ದೇವರ ದನ ಬಿಡಾಕೆ ಬರಲ್ಲ. ನಮಗೆ ಇಷ್ಟ ಇತ್ತಾ? ನೀನು ದಾರಿ ಬಿಡಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದನ್ನು ಶಾಲೆಯಲ್ಲಿ ಹತ್ತು ಸಲ ಬರೆದವಳು ನಾನು. ಅದು ಹೀಗೆ ಬಂದು ನನ್ನ ಕುತ್ತಿಗೆ ಹಿಡಿಯುತ್ತದೆ ಎಂದುಕೊಂಡಿರಲಿಲ್ಲ.

ಉಳಿದಿಬ್ಬರನ್ನೂ ಅವತ್ತೇ ತೋರಿಸಿದರು. ಒಬ್ಬಜ್ಜಿಯನ್ನು ಹಿಂದಿನ ಕೋಣೆಯಲ್ಲಿ ಇಟ್ಟಿದ್ದರು, ಕೈ ಮೇಲೆ ಒಲೆಯ ಸುಟ್ಟ ಗಾಯ ಹಳೆಯದಾಗಿತ್ತು. ಇನ್ನೊಬ್ಬಜ್ಜ ಎರಡು ಸಲ ದಾರಿ ತಪ್ಪಿ ಅಣಬೂರಿನ ರಸ್ತೆಯಲ್ಲಿ ಸಿಕ್ಕಿದ್ದನಂತೆ. ಅವರನ್ನು ಆಸ್ಪತ್ರೆಗೆ ಕರೆದೊಯ್ದಿರಲಿಲ್ಲ. ಕರೆದೊಯ್ದರೆ ಕಾಗದ ಬರುತ್ತದೆ, ಕಾಗದ ಬಂದರೆ ಯಾರಾದರೂ ಕಟ್ಟೆಯ ಮೇಲೆ ಓದುತ್ತಾರೆ. ನೆನಪಿರುವವರು ಪಾಠ ಕಲಿತರು, ನೆನಪಿಲ್ಲದವರನ್ನು ಬಚ್ಚಿಟ್ಟರು. ನಮ್ಮ ಅಧ್ಯಯನ ಯಾರಿಗಾಗಿ ನಡೆಯುತ್ತಿತ್ತೋ ಅವರೇ ನಮ್ಮಿಂದ ತಪ್ಪಿಸಿಕೊಂಡು ಕೂತಿದ್ದರು. ಈಗ ಹಟ್ಟಿಯನ್ನು ಕೈಬಿಟ್ಟರೆ ಆ ಮೂವರು ಹಾಗೇ ಉಳಿಯುತ್ತಾರೆ.

ಸಹಾಯಕಿಯ ಪತ್ರವನ್ನು ಚೀಲದಿಂದ ತೆಗೆಯಲೇ ಇಲ್ಲ. ಹೊರಡುವಾಗ ಅವಳು ಆಟೋ ತನಕ ಬಂದಳು. "ನನ್ನ ಮ್ಯಾಲೆ ಇನ್ನೂ ಡೌಟ್ ಐತಾ?" ಎಂದಳು. "ಐತೆ. ನನ್ನ ಮ್ಯಾಲೂ ಐತೆ" ಎಂದೆ. ಅವಳು ಮೊದಲ ಸಲ ನಕ್ಕಳು.

ಅವತ್ತು ಯಜಮಾನರು ಹಾಕಿದ್ದು ಒಂದೇ ಷರತ್ತು. ಕಟ್ಟೆ ಮೇಲೆ ಆಡಿದ ಮಾತನ್ನು ಆಡಿದವರೇ ಕಟ್ಟೆ ಮೇಲೆ ಬಿಡಬೇಕು, ಎಂದರೆ ಹಿಂತೆಗೆದುಕೊಳ್ಳಬೇಕು. ನಾನು ಬಂದು ಬಿಟ್ಟರೆ ಹಿರಿಯರು ಮತ್ತೆ ಕೂತು ನಿಜವಾದ ಉತ್ತರ ಕೊಡುತ್ತಾರೆ, ಬಚ್ಚಿಟ್ಟವರನ್ನೂ ಕರೆತರುತ್ತಾರೆ. ಕಿಲಾರಿಯ ಹೆಂಡತಿ ಕೇಳಿದ್ದೂ ಅದನ್ನೇ, ಅದಕ್ಕಿಂತ ಸಣ್ಣದು. "ಅವ್ರಿಗೆ ಕಿಲಾರಿಕೆ ವಾಪಸ್ ಬ್ಯಾಡ. ದೊಡ್ಡಿ ಒಳಗೆ ಕುಂದ್ರಾಕೆ ಬಿಟ್ರೆ ಸಾಕು."

ಡಾಕ್ಟರಿಗೆ ಎಲ್ಲ ಹೇಳಿದೆ. ಫೋನಿನಲ್ಲಿ ಪೂರಾ ಕೇಳಿಸಿಕೊಂಡರು. ಆಮೇಲೆ, "ಫಲಿತಾಂಶ ಸರಿ ಇತ್ತಲ್ಲವೇ?" ಎಂದರು.

"ಸರಿ ಇತ್ತು ಸರ್."

"ಹಾಗಾದರೆ ತಪ್ಪು ಎಂದು ಹೇಳುವಂತಿಲ್ಲ. ಇವತ್ತು ಕಟ್ಟೆಯ ಮೇಲೆ ಸುಳ್ಳು ಹೇಳಿದರೆ ನಾಳೆ ಯಾವ ಹಟ್ಟಿಯಲ್ಲಿ ನಮ್ಮ ಮಾತಿಗೆ ಬೆಲೆ?"

ಅವರ ಮಾತು ನಿಜ, ಅದೇ ನನ್ನನ್ನು ಕೊರೆಯಿತು. ಆ ತಿಂಗಳು ಬೇರೆ ಕಡೆಗಳ ಕೆಲಸ ಇತ್ತು. ಸೂಳೆಕೆರೆ ಸುತ್ತಿನ ಹಟ್ಟಿಗಳಲ್ಲಿ, ನ್ಯಾಮತಿಯ ತಾಂಡಾಗಳಲ್ಲಿ ಟ್ಯಾಬ್ ಹಿಡಿದು ತಿರುಗಿದೆ. ಎಲ್ಲಿ ಹೋದರೂ ನನ್ನ ಕಣ್ಣು ಬೇರೆಯಾಗಿತ್ತು. ಚುರುಕಾಗಿ ಉತ್ತರ ಕೊಟ್ಟ ಅಜ್ಜನನ್ನು ಕಂಡರೆ ಯಾರು ಕಲಿಸಿದರು ಎಂದು, ಊರಲ್ಲಿಲ್ಲ ಎಂದವರ ಮನೆ ಕಂಡರೆ ಹಿಂದಿನ ಕೋಣೆಯಲ್ಲಿ ಯಾರಿದ್ದಾರೆ ಎಂದು ಅನುಮಾನ. ತಾಂಡಾದ ಒಬ್ಬಜ್ಜಿ, "ನನ್ನ ಹೆಸರಿನ ಮುಂದೆ ಏನು ಬರ್ಕಂಡಿ, ಅದನ್ನ ಯಾರಿಗೆ ತೋರಿಸ್ತಿ, ಅದು ಮೊದ್ಲು ಹೇಳು" ಎಂದಳು. ಮುಂಚೆಯಾಗಿದ್ದರೆ ಗೊಣಗುವ ಮುದುಕಿ ಎಂದು ನಕ್ಕುಬಿಡುತ್ತಿದ್ದೆ. ನಮ್ಮ ಆರು ಪುಟದ ಒಪ್ಪಿಗೆ ಪತ್ರದಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ರಕ್ತ ಎಲ್ಲಿಡುತ್ತೇವೆ, ಎಷ್ಟು ಡಿಗ್ರಿ ತಂಪಿನಲ್ಲಿ ಇಡುತ್ತೇವೆ ಎಂದಿತ್ತು. ಫಲಿತಾಂಶವನ್ನು ಯಾರಿಗೆ, ಎಲ್ಲಿ ಹೇಳಬೇಕು ಎಂದು ಹಿರಿಯರನ್ನು ಕೇಳುವ ಒಂದು ಸಾಲು ಇರಲಿಲ್ಲ.

ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಕೂತು ಡಾಕ್ಟರಿಗೆ ಒಂದು ಹಾಳೆಯಲ್ಲಿ ಬರೆದೆ. ಮೊದಲನೆಯದು, ಆ ಹಟ್ಟಿಯ ಎರಡನೇ ಸುತ್ತಿನ ಮಾಹಿತಿ ಕೆಟ್ಟಿದೆ, ಕಾರಣ ಸಹಾಯಕಿಯಲ್ಲ, ಫಲಿತಾಂಶವನ್ನು ಬಹಿರಂಗವಾಗಿ ಓದಿದ ನಾನು. ಎರಡನೆಯದು, ಫಲಿತಾಂಶ ಹೇಳುವ ಮುನ್ನ ಯಾರಿಗೆ ಹೇಳಬೇಕು ಎಂದು ಹಿರಿಯರನ್ನೇ ಕೇಳಿ ಬರೆದುಕೊಳ್ಳಬೇಕು, ಅವರು ಒಪ್ಪಿದವರಿಗಲ್ಲದೆ ಮಗನಿಗೂ ಹೇಳಕೂಡದು, ಯಜಮಾನರಿಗೂ ಕೂಡದು. ಮೂರನೆಯದು, ಹಟ್ಟಿಗೆ ಮರಳಿ ಹೋಗಲು ಅನುಮತಿ ಕೊಡಿ, ಇಲ್ಲದಿದ್ದರೆ ನನ್ನ ಹೆಸರು ತೆಗೆಯಿರಿ. ಕೊನೆಯ ಸಾಲನ್ನು ಎರಡು ಸಲ ಓದಿಕೊಂಡೆ. ಆ ಕೆಲಸ ಬಿಟ್ಟರೆ ನನಗೆ ಬೇರೆ ಕೆಲಸವೇನೂ ಕಾದು ಕೂತಿರಲಿಲ್ಲ. ಆದರೂ ಅಳಿಸಲಿಲ್ಲ.

ಅನುಮತಿ ಬರಲು ನಾಲ್ಕು ತಿಂಗಳು ಹಿಡಿಯಿತು. ಇಂಥ ಅಧ್ಯಯನಗಳಿಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯವರು ಎರಡು ಸಲ ಪ್ರಶ್ನೆ ಕಳಿಸಿದರು. ಕೊನೆಗೆ ಡಾಕ್ಟರು ಹೊಸ ಸಾಲು ಸೇರಿಸಿದ ಒಪ್ಪಿಗೆ ಪತ್ರ ಕಳಿಸಿ ಫೋನ್ ಮಾಡಿದರು. "ಹೋಗಿ. ಆದರೆ ಸುಳ್ಳು ಹೇಳಬೇಡಿ."

ಹಟ್ಟಿಯ ಕಟ್ಟೆಯ ಮೇಲೆ ಅವತ್ತು ಸುಮಾರು ಮೂವತ್ತು ಜನ. ಕಿಲಾರಿಯನ್ನು ಕರೆತಂದು ಮುಂದೆ ಕೂರಿಸಿದ್ದರು. ಪಕ್ಕದಲ್ಲಿ ಹೆಂಡತಿ. ನನಗೆ ಕೂರಲು ಹೇಳಲಿಲ್ಲ. ನಾನೂ ಕೂರಲಿಲ್ಲ.

"ಎರಡು ವರ್ಷದ ಹಿಂದೆ ಇಲ್ಲಿ ನಿಂತು ನಾನು ಒಂದು ಕಾಗದ ಓದಿದೆ" ಎಂದೆ. "ಅದನ್ನ ಓದಾಕೆ ನನಗೆ ಯಾರೂ ಹೇಳಿರಲಿಲ್ಲ. ಈ ಅಜ್ಜನ್ನ ಕೇಳಲಿಲ್ಲ, ಇವ್ರ ಮನೆಯವ್ರನ್ನ ಕೇಳಲಿಲ್ಲ. ಅದು ನನ್ನ ತಪ್ಪು. ಆ ಮಾತನ್ನ ಕಟ್ಟೆ ಮ್ಯಾಲಿಂದ ವಾಪಸ್ ತಗಂತೀನಿ."

ಹಿಂದಿನಿಂದ ಒಬ್ಬ ಎದ್ದ, ಈಗಿನ ಕಿಲಾರಿಯ ಅಣ್ಣ. "ಮಾತು ಸುಳ್ಳು ಅಂತ ಹೇಳವಲ್ರಲ್ಲ. ಸುಳ್ಳಾ, ನಿಜಾನಾ, ಅದು ಹೇಳ್ರಿ."

ಇದು ಬರುತ್ತದೆ ಎಂದು ಗೊತ್ತಿತ್ತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಇದಕ್ಕೇ ಉತ್ತರ ಹುಡುಕಿದ್ದೆ. ಎದುರಿಗೆ ಕಿಲಾರಿ ತನ್ನ ಹೆಬ್ಬೆರಳನ್ನು ನೋಡಿಕೊಳ್ಳುತ್ತ ಕೂತಿದ್ದ.

"ಅದು ಇವ್ರ ಮನೆ ಮಾತು" ಎಂದೆ. "ಇವ್ರು ಹೇಳು ಅಂದ್ರೆ ಇವ್ರಿಗೆ ಹೇಳ್ತೀನಿ. ನಿಮಗೆ ಹೇಳಲ್ಲ. ನೀವು ಕೇಳಿದ್ರೂ ಹೇಳಲ್ಲ, ಯಜಮಾನ್ರು ಕೇಳಿದ್ರೂ ಹೇಳಲ್ಲ. ಇನ್ನು ಮ್ಯಾಲೆ ಈ ಹಟ್ಟಿಯಾಗೆ ಯಾರ ವಿಷಯಾನೂ ಇನ್ನೊಬ್ರಿಗೆ ನನ್ನ ಬಾಯಿಂದ ಬರಲ್ಲ."

ಗುಜುಗುಜು ಎದ್ದಿತು. ಸರ್ಕಾರದ ಕಡೆಯವರ ಮಾತು ಎಷ್ಟು ದಿನ, ಎಂದು ಯಾರೋ ಅಂದರು. ಇವಳು ಮಾತು ನುಂಗಿದಂಗೆ ಮಾಡ್ತಾಳೆ, ಎಂದು ಇನ್ನೊಬ್ಬರು. ಯಜಮಾನರು ಕೈ ಎತ್ತಿದರು. ನನ್ನನ್ನು ಮೂರು ಸಲ ಕೇಳಿದರು, "ಬಿಟ್ಟಾ?" ಮೂರು ಸಲವೂ "ಬಿಟ್ಟೆ" ಎಂದೆ. ಮೂರನೆಯ ಸಲ ಹೇಳುವಾಗ ಅತ್ತುಬಿಟ್ಟೆ. ಅಳು ಬಂದದ್ದು ನಾಚಿಕೆಗೆ.

"ಹಂಗಾದ್ರೆ ಹಟ್ಟಿಗೆ ಗೊತ್ತಿಲ್ಲ" ಎಂದರು ಯಜಮಾನರು. ಅಷ್ಟೇ. ಜನ ಎದ್ದು ಪಂಚೆ ಕೊಡವಿಕೊಂಡರು.

ಕಿಲಾರಿ ನನ್ನನ್ನು ನೋಡಿ ಹೆಂಡತಿಯನ್ನು ಕೇಳಿದ, "ಈಯಮ್ಮ ಯಾಕೆ ಅಳ್ತಾಳೆ?"

"ಅವ್ರ ಊರು ದೂರ" ಎಂದಳು ಅವಳು.

ಅವನನ್ನು ಇಬ್ಬರು ದೊಡ್ಡಿಗೆ ಕರೆದೊಯ್ದರು. ಈಗಿನ ಕಿಲಾರಿಯೇ ಬಾಗಿಲಿನ ಮುಳ್ಳು ಸರಿಸಿದ. ನಾನು ದೂರದಿಂದ ನೋಡಿದೆ. ಅವನು ಒಳಗೆ ಹೋಗಿ, ಯಾವ ಸಂಭ್ರಮವೂ ಇಲ್ಲದೆ, ನಿನ್ನೆಯೂ ಅಲ್ಲೇ ಇದ್ದವನಂತೆ ಕೂತ. ಅವನ ಪಾಲಿಗೆ ಆ ಎರಡು ವರ್ಷ ಇರಲೇ ಇಲ್ಲವೇನೋ. ಹೆಂಡತಿ ಬೇಲಿಯ ಹೊರಗೇ ಇದ್ದಳು. "ಅವ್ರು ಮರೆತ್ರು. ನಾನು ಮರೆತಿಲ್ಲ. ನೀನು ಅತ್ತಿದ್ದಕ್ಕೆ ನನ್ನ ಸಿಟ್ಟು ಹೋಗಲ್ಲ" ಎಂದಳು. ಹೋಗಬೇಕು ಎಂದು ನಾನೂ ಕೇಳಲಿಲ್ಲ.

ಆ ವಾರ ಹಿರಿಯರನ್ನೆಲ್ಲ ಹೊಸದಾಗಿ ಕೂರಿಸಿದೆವು. ಯಾರೂ ಬಳಸದ ಮೂರನೇ ಪಟ್ಟಿ ತರಿಸಿಕೊಂಡಿದ್ದೆ. ಸಹಾಯಕಿ ಪ್ರತಿಯೊಬ್ಬರನ್ನೂ ಕೂರಿಸಿ ಹೊರಗೆ ಹೋಗುತ್ತಿದ್ದಳು, ಅದು ನಾನು ಮಾಡಿದ ನಿಯಮ. ಆರು, ಐದು, ಏಳು, ನಾಲ್ಕು. ಹಿಂದುಮುಂದಾಗಿ, ತಡವರಿಸಿ, ಬೈದುಕೊಂಡು ಹೇಳಿದರು. ಅಷ್ಟು ಚಂದದ ತಪ್ಪುಗಳನ್ನು ನಾನು ಯಾವತ್ತೂ ಬರೆದುಕೊಂಡಿರಲಿಲ್ಲ. ಹಿಂದಿನ ಕೋಣೆಯ ಅಜ್ಜಿಯನ್ನೂ, ದಾರಿ ತಪ್ಪುತ್ತಿದ್ದ ಅಜ್ಜನನ್ನೂ ಅವರ ಮಕ್ಕಳೇ ದಾವಣಗೆರೆಗೆ ತಪಾಸಣೆಗೆ ಕರೆದೊಯ್ಯಲು ಒಪ್ಪಿದರು.

ಕೊನೆಯ ದಿನ ಕಿಲಾರಿಯ ಹೆಂಡತಿ ಬಂದು ಕೂತಳು. ಮೊದಲ ಸುತ್ತಿನಲ್ಲಿ ಗಂಡನ ಹೆಸರು ಮಾತ್ರ ಇತ್ತು, ಅವಳದು ಇರಲಿಲ್ಲ. "ನನ್ನದೂ ಬರ್ಕ" ಎಂದಳು. ಹೊಸ ಸಾಲು ಓದಿದೆ, ಫಲಿತಾಂಶ ಯಾರಿಗೆ ಹೇಳಬೇಕು? "ನನಗೆ ಒಬ್ಬಾಕಿಗೆ. ಈಗಲೇ, ಇಲ್ಲೇ. ಡಾಕ್ಟರು ಬರೆದು ಕಳಿಸಾದು ಬ್ಯಾಡ" ಎಂದಳು. ಹಾಗೇ ಬರೆದುಕೊಂಡೆ, ಹೆಬ್ಬೆಟ್ಟು ಒತ್ತಿದಳು.

ಹತ್ತು ಪದ ಓದಿದೆ. ಅವಳು ಎರಡು ಹೇಳಿದಳು. ಇನ್ನೆರಡು ಸಲ ಓದಿದೆ, ಎರಡೇ. ಇಪ್ಪತ್ತು ನಿಮಿಷ ಕಳೆದು ಕೇಳಿದಾಗ ನನ್ನ ಮುಖವನ್ನೇ ನೋಡುತ್ತ ಕೂತಳು. ಯಾವ ಪದ, ಎಂದಳು. ತಿಂಗಳು ಕೇಳಿದೆ, ತಪ್ಪು ಹೇಳಿದಳು. ವಾರ ಕೇಳಿದೆ, ಹೊರಗೆ ಬಾಗಿಲ ಕಡೆ ನೋಡಿದಳು. ಇಡೀ ಹಟ್ಟಿಗೆ ಎರಡು ವರ್ಷ ಪಾಠ ಹೇಳಿಕೊಟ್ಟವಳು ತನಗಾಗಿಯೂ ಅದನ್ನು ಹೇಳಿಕೊಳ್ಳುತ್ತಿದ್ದಳು ಎಂದು ನನಗೆ ಆಗ ತಿಳಿಯಿತು. ನನ್ನ ಅನುಮಾನದ ಬುದ್ಧಿಗೆ ಅದೊಂದು ಹೊಳೆದೇ ಇರಲಿಲ್ಲ.

"ಹೇಳು" ಎಂದಳು.

ಹೇಳಿದೆ. ದನಿ ತಗ್ಗಿಸಿ, ನಿಧಾನವಾಗಿ, ಏನನ್ನೂ ಮುಚ್ಚದೆ. ಅವಳು ಕೇಳಿಸಿಕೊಂಡು ತಲೆಯಾಡಿಸಿದಳು. ದಾವಣಗೆರೆಗೆ ಬನ್ನಿ, ತಪಾಸಣೆ ಮಾಡಿಸೋಣ, ಕೆಲವಕ್ಕೆ ಔಷಧಿ ಇದೆ ಎಂದೆ. "ಬರ್ತೀನಿ. ಅವ್ರನ್ನ ಒಂದು ದಿನ ದೊಡ್ಡಿಯಾಗೆ ಬಿಟ್ಟು ಬರ್ತೀನಿ. ಈಗ ಬಿಡ್ತಾರಲ್ಲ" ಎಂದಳು. ಎದ್ದು ಸೆರಗು ಸರಿ ಮಾಡಿಕೊಂಡು ಹೊರಟಳು.

ಹೊರಗೆ ಯಜಮಾನರು ನಿಂತಿದ್ದರು. ಅವಳ ಬೆನ್ನು ನೋಡಿದರು, ಆಮೇಲೆ ನನ್ನ ಮುಖ. "ಚಂದಾಗಿ ಹೇಳಿದ್ಲಾ?" ಎಂದು ಕೇಳಿದರು. ಆ ಮನೆಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳುವ ಇಬ್ಬರು, ಇಬ್ಬರಿಗೂ ಈಗ ಮರೆವು. ಒಲೆ ಇದೆ, ಬಾವಿ ಇದೆ. ಹೇಳಿದರೆ ಇವರು ಯಾರನ್ನಾದರೂ ಹಿಂದೆ ಕಳಿಸುತ್ತಾರೆ, ಅದೂ ನನಗೆ ಗೊತ್ತಿತ್ತು. ಮಾತು ನಾಲಿಗೆ ತುದಿಗೆ ಬಂತು.

"ಅದು ಅವ್ರ ಮನೆ ಮಾತು" ಎಂದೆ.

ಯಜಮಾನರು ಅವಳು ಹೋದ ದಾರಿಯ ಕಡೆ ತಿರುಗಿದರು. ಆಮೇಲೆ ಸಹಾಯಕಿಯನ್ನು ಕರೆದು, "ಇವತ್ತಿಂದ ನೀನು ಆಯಮ್ಮನ ಮನೆಗೆ ನೀರು ತರಾಕೆ ಹೋಗು. ಯಾಕೆ ಅಂತ ಕೇಳಬ್ಯಾಡ" ಎಂದರು.